ಜಾತ್ರೆಯಲ್ಲಿ ತಣ್ಣಗಿದ್ದ ಕುದುರೆ ಮನೆಗೆ ಬಂದು ಒದೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ರೈತ, ವಯಸ್ಸು 44. ಚಿಕ್ಕಂದಿನಿಂದಲೂ ಕುದುರೆ ಸಾಕುವ ಆಸೆ ಇತ್ತು. ಡಿಸೆಂಬರ್‌ನಲ್ಲಿ ಜಾತ್ರೆಯೊಂದರಲ್ಲಿ ದಲ್ಲಾಳಿ ಮೂಲಕ ಹೆಣ್ಣು ಕುದುರೆ ಕೊಂಡೆ. ಮೊದಲು ಮದುವೆ ಮೆರವಣಿಗೆಯವರ ಹತ್ತಿರ ಇತ್ತಂತೆ. ಆರು ವರ್ಷ ಅಂದರು. ಅಲ್ಲಿ ತಣ್ಣಗೆ ನಿಂತಿತ್ತು. 12 ವರ್ಷದ ಮಗನನ್ನು ಕೂರಿಸಿದರೂ ಅಲುಗಲಿಲ್ಲ. ಊರಿಗೆ ಬಂದ ನಾಲ್ಕನೇ ದಿನದಿಂದ ಬೇರೆಯದೇ ಕುದುರೆ. ಜೀನು ಬಿಗಿಯುವಾಗ ಕಚ್ಚಲು ಬರುತ್ತದೆ. ಲಗಾಮು ಎಳೆದರೆ ಎರಡು ಕಾಲ ಮೇಲೆ ನಿಲ್ಲುತ್ತದೆ. ಹಿಂದಿನಿಂದ ಹೋದರೆ ಒದೆಯುತ್ತದೆ. ನಾಲ್ ಹೊಡೆಯುವವನಿಗೆ ಹಿಂಗಾಲು ಮುಟ್ಟಲು ಬಿಡಲಿಲ್ಲ. ಒಮ್ಮೆ ಬಿದ್ದು ಭುಜಕ್ಕೆ ಪೆಟ್ಟಾಯಿತು. ಈಗ ಕೊಟ್ಟಿಗೆಗೆ ಹೋಗುವಾಗಲೇ ಕೈ ನಡುಗುತ್ತದೆ. ಎತ್ತುಗಳ ಪಕ್ಕ, ಶಹಾಬಾದ್ ಫರಸಿ ಹಾಕಿದ ಜಾಗದಲ್ಲಿ, ಮುಂದೆ ಹಿಂದೆ ಹಗ್ಗ ಹಾಕಿ ಕಟ್ಟಿದ್ದೇವೆ. ದಿನಕ್ಕೆ ಎರಡು ಕೆ.ಜಿ. ಕಡಲೆ, ಎರಡು ಕೆ.ಜಿ. ಜೋಳ, ರಾತ್ರಿ ಒಂದಿಷ್ಟು ಕಣಕಿ (ಜೋಳದ ಒಣ ದಂಟು) ಕೊಡುತ್ತೇವೆ. ಅಣ್ಣ ‘ನಾಕು ಬಾರಿಸು, ದಾರಿಗಿ ಬರ್ತದ’ ಅಂತಾನೆ. ಊರ ಹಿರಿಯರು ‘ಸುಳಿ ಕೆಟ್ಟದ್ದದ, ಮನ್ಯಾಗ ಇಟ್ಕೋಬ್ಯಾಡ’ ಅಂತಾರೆ. ಇಟ್ಟುಕೊಳ್ಳಲೋ, ಮಾರಲೋ? ತಪ್ಪು ಕುದುರೆಯದೋ, ನನ್ನ ಪುಕ್ಕಲುತನದ್ದೋ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಸುಮಾರು 300 ಕೆ.ಜಿ. ತೂಕದ ಪ್ರಾಣಿ ಎರಡು ಕಾಲ ಮೇಲೆ ಎದ್ದು ನಿಮ್ಮನ್ನು ಕೆಳಗೆ ಕೆಡವಿದೆ. ಕೈ ನಡುಗುವುದು ಪುಕ್ಕಲುತನ ಅಲ್ಲ. ಇನ್ನೂ ಏನೋ ಸರಿಯಿಲ್ಲ, ಮೇಲೆ ಹತ್ತಬೇಡ ಎಂದು ನಿಮ್ಮ ಮೈ ಹೇಳುತ್ತಿದೆ. ಅದರ ಮಾತು ಕೇಳಿ. ಇವತ್ತಿನಿಂದ ಸವಾರಿ ಬಂದ್. ನೀವೂ ಹತ್ತಬೇಡಿ, ಮಗನನ್ನೂ ಕೂರಿಸಬೇಡಿ, ‘ನಾನು ಪಳಗಿಸ್ತೀನಿ’ ಎಂದು ಬರುವ ಪಕ್ಕದೂರಿನ ಹುಡುಗರಿಗೂ ಕೊಡಬೇಡಿ. ಎರಡು ಕಾಲ ಮೇಲೆ ಎದ್ದ ಕುದುರೆ ಹಿಮ್ಮುಖವಾಗಿ ಬಿದ್ದರೆ ಸವಾರ ಅದರ ಕೆಳಗೆ ಸಿಗುತ್ತಾನೆ. ಇಂಥ ಸಾವುಗಳು ಆಗಿವೆ.

ಕುದುರೆಯ ತಪ್ಪೋ ಅಂದರೆ, ಪತ್ರ ಓದಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ನೀವು ಹೇಳಿದ ಒಂದೊಂದು ನಡವಳಿಕೆಗೂ ಕಾರಣ ಪತ್ರದಲ್ಲೇ ಇದೆ. ಕೆಲವನ್ನು ನೀವೇ ಈ ವಾರ ಸರಿ ಮಾಡಬಹುದು. ಕೆಲವಕ್ಕೆ ಪಶುವೈದ್ಯರು ಬೇಕು.

ಸುಳಿಯ ಮಾತು ಬಂತಲ್ಲ, ಅದನ್ನು ಬೇಗ ಮುಗಿಸೋಣ. ನಮ್ಮ ಕಡೆ ಎತ್ತಿಗೂ ಕುದುರೆಗೂ ಸುಳಿ ನೋಡುವುದು ಹಳೆಯ ರೂಢಿ. ನಾಲ್ಕು ಕಾಲು, ಹಣೆ ಬಿಳಿ ಇದ್ದರೆ ಪಂಚಕಲ್ಯಾಣಿ ಎಂದು ರೇಟು ಜಾಸ್ತಿ. ನೋಡುವವರ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಸುಳಿಯಿಂದ ಕುದುರೆ ಒದೆಯುವುದಿಲ್ಲ. ನನ್ನ ಆತಂಕ ಬೇರೆ: ‘ಸುಳಿ ಕೆಟ್ಟದ್ದು’ ಅಂದ ಕೂಡಲೇ ಯಾರೂ ಬಾಯಿ ತೆರೆಸಿ ನೋಡುವುದಿಲ್ಲ, ಬೆನ್ನು ಮುಟ್ಟಿ ನೋಡುವುದಿಲ್ಲ. ನೋವು ಅಲ್ಲೇ ಉಳಿಯುತ್ತದೆ.

ಬಾರಿಸುವ ಸಲಹೆ ಇದಕ್ಕಿಂತ ಅಪಾಯಕಾರಿ. ಕುದುರೆ ಬೇಟೆಗೆ ಸಿಗುವ ಪ್ರಾಣಿ. ಅದಕ್ಕೆ ಗೊತ್ತಿರುವ ಮೊದಲ ಉಪಾಯ ಓಡುವುದು. ಓಡಲು ಆಗದಂತೆ ಕಟ್ಟಿ ಹಾಕಿದರೆ ಉಳಿಯುವುದು ಒದೆ ಮತ್ತು ಕಚ್ಚು. ಹೊಡೆದಾಗ ಅದು ತಣ್ಣಗಾದಂತೆ ಕಾಣಬಹುದು, ಮರುದಿನ ನೀವು ಕೈ ಎತ್ತಿದರೂ ಸಾಕು, ಮೊದಲು ಒದ್ದು ಆಮೇಲೆ ನೋಡುತ್ತದೆ. ಹೊಟ್ಟೆ ಒಣಗಿಸಿ ಪಳಗಿಸುತ್ತೇವೆ ಅನ್ನುವವರೂ ಇದ್ದಾರೆ. ಅವರನ್ನು ದೂರ ಇಡಿ, ಯಾಕೆ ಎಂದು ಮುಂದೆ ಹೇಳುತ್ತೇನೆ.

‘ನಿನ್ನ ಭಯ ಅದಕ್ಕೆ ಗೊತ್ತಾಗಿದೆ, ಅದಕ್ಕೇ ಆಟ ಆಡಿಸ್ತಿದೆ’ ಎಂದೂ ಯಾರಾದರೂ ಹೇಳಿರಬೇಕು, ಅಲ್ವಾ? ಇದರಲ್ಲಿ ಅರ್ಧ ನಿಜ. ಸ್ವೀಡನ್‌ನಲ್ಲಿ ಒಂದು ಪ್ರಯೋಗ ನಡೆದಿತ್ತು, 2009ರಲ್ಲಿ ಪ್ರಕಟವಾಯಿತು. ಕುದುರೆ ಹಿಡಿದು ನಡೆಸುವವರಿಗೆ, ಸವಾರರಿಗೆ ಒಂದೇ ದಾರಿಯಲ್ಲಿ ನಾಲ್ಕು ಸಲ ಸಾಗಲು ಹೇಳಿದರು. ನಾಲ್ಕನೇ ಸಲ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ ಎಂದಿದ್ದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಅವರ ಜೊತೆಗಿದ್ದ ಕುದುರೆಗಳದ್ದೂ ಏರಿತು. ಅಂದರೆ ನಿಮ್ಮ ಗಾಬರಿ ಅದಕ್ಕೆ ಮುಟ್ಟುತ್ತದೆ, ನಿಜ. ಆದರೆ ಅದು ಆಟ ಆಡಿಸುವುದಿಲ್ಲ. ತಾನೂ ಗಾಬರಿಯಾಗುತ್ತದೆ.

ಇನ್ನು, ಜಾತ್ರೆಯಲ್ಲಿ ಅಷ್ಟು ತಣ್ಣಗಿದ್ದದ್ದು ಹೇಗೆ? ಜನರಿಗೆ ಮೊದಲು ಹೊಳೆಯುವುದು ಮಂಪರಿನ ಇಂಜೆಕ್ಷನ್. ಅಂಥದ್ದು ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಬಳಸುವ ಮದ್ದಿನ ಪರಿಣಾಮ ಗಂಟೆಗಳ ಲೆಕ್ಕದ್ದು; ದಿನಗಟ್ಟಲೆ ಉಳಿಯುವ ಮದ್ದುಗಳೂ ಇವೆ, ಹಾಗಾಗಿ ಪೂರ್ತಿ ತಳ್ಳಿಹಾಕಲಾರೆ. ನಿಮ್ಮದು ನಾಲ್ಕನೇ ದಿನ ಬದಲಾಗಿದೆ. ನನಗೆ ಹೆಚ್ಚು ಹೊಂದುವ ಕಾರಣ ಸುಸ್ತು. ಲಾರಿಯಲ್ಲಿ ದೂರದ ಪ್ರಯಾಣ, ದಿನಗಟ್ಟಲೆ ನಿಂತಲ್ಲೇ ನಿಲ್ಲುವುದು, ನೀರು ಕಡಿಮೆ. ಸುತ್ತ ನೂರಾರು ಕುದುರೆ ಇರುವುದರಿಂದ ಒಂಟಿ ಅನ್ನುವ ಭಯವೂ ಇಲ್ಲ. ನಿಮ್ಮ ಮನೆಗೆ ಬಂದು ನೀರು ಕುಡಿದು, ಕಾಳು ತಿಂದು, ಸುಸ್ತು ಕಳೆಯಿತು. ಆಗ ನೋಡಿದರೆ ಜೊತೆಗೆ ಒಂದೂ ಕುದುರೆ ಇಲ್ಲ. ನಾಲ್ಕನೇ ದಿನ ನಿಮಗೆ ಕಂಡದ್ದೇ ಅದರ ಸಹಜ ಸ್ಥಿತಿ, ಜೊತೆಗೆ ಅದರ ನೋವು.

ಜೀನು ಬಿಗಿಯುವಾಗ ಕಚ್ಚಲು ಬರುವ ಕುದುರೆಯನ್ನು ಕಂಡರೆ ನಾನು ಮೊದಲು ಅದರ ಹೊಟ್ಟೆಯ ಬಗ್ಗೆ ಕೇಳುತ್ತೇನೆ. ಕುದುರೆಯ ಜಠರ ಚಿಕ್ಕದು, ಹೆಚ್ಚೆಂದರೆ 15 ಲೀಟರ್. ಆದರೆ ಅದರಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ನಾರಿನ ಮೇವು ಅಗಿಯುತ್ತಿದ್ದರೆ ಜೊಲ್ಲು ಇಳಿದು ಆಮ್ಲ ತಣಿಯುತ್ತದೆ. ಎತ್ತಿನ ಹಾಗೆ ಇದು ಮೆಲುಕು ಹಾಕುವುದಿಲ್ಲ. ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಿ, ನಾಲ್ಕು ಕೆ.ಜಿ. ಕಾಳು ಹಾಕಿ, ರಾತ್ರಿಗೆ ಮಾತ್ರ ಕಣಕಿ ಕೊಟ್ಟರೆ ಜಠರದಲ್ಲಿ ಹುಣ್ಣಾಗುವ ಸಾಧ್ಯತೆ ತುಂಬಾ ಜಾಸ್ತಿ. ಆ ಹೊಟ್ಟೆಯ ಕೆಳಗೆ ಪಟ್ಟಿ ಬಿಗಿದರೆ ಕಚ್ಚದೆ ಏನು ಮಾಡುತ್ತದೆ? ಹೊಟ್ಟೆ ಒಣಗಿಸುವ ಉಪಾಯ ಬೇಡ ಎಂದದ್ದೂ ಇದಕ್ಕೇ.

ಕಾಳಿನ ಇನ್ನೊಂದು ತೊಂದರೆ: ಕೆಲಸವೇ ಇಲ್ಲದೆ ನಿಂತ ಕುದುರೆಗೆ ಅಷ್ಟು ಕಡಲೆ ಜೋಳ ಕೊಟ್ಟರೆ ಅದು ನಿಂತಲ್ಲೇ ಕುದಿಯುತ್ತದೆ. ಕಾಳನ್ನು ಒಂದು ಕೆ.ಜಿ.ಗೆ ಇಳಿಸಿ, ಅದನ್ನೂ ಎರಡು ಹೊತ್ತಿಗೆ ಹಂಚಿ. ಒಮ್ಮೆಲೇ ಬೇಡ, ಒಂದು ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಇಳಿಸಿ. ಮೇವು ದಿನಕ್ಕೆ ಆರು ಕೆ.ಜಿ.ಯಷ್ಟಾದರೂ ಬೇಕು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ. ಒಣ ಕಣಕಿ ಕತ್ತರಿಸಿ ಕೊಡಬಹುದು, ಬೂಜು ಹಿಡಿದಿರಬಾರದು. ಅದರ ಜೊತೆ ಬದುವಿನ ಕರಕಿ ಹುಲ್ಲು ಸೇರಿಸಿದರೆ ಇನ್ನೂ ಒಳ್ಳೆಯದು. ಹಸಿ ಜೋಳದ ದಂಟು ಮಾತ್ರ ಬೇಡ. ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ ಎಂದು ದನ ಸಾಕಿದ ನಿಮಗೆ ಗೊತ್ತಿರುತ್ತದೆ. ಕುದುರೆಯಲ್ಲಿ ಅದು ಇನ್ನೊಂದು ಬಗೆಯಲ್ಲೂ ಹೊಡೆಯುತ್ತದೆ: ವಾರಗಟ್ಟಲೆ ತಿಂದರೆ ಹಿಂಗಾಲು ಸ್ವಾಧೀನ ತಪ್ಪುತ್ತದೆ, ಮೂತ್ರ ತಾನೇ ತೊಟ್ಟಿಕ್ಕುತ್ತದೆ.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಈಗ ರಾಶಿ ಕಾಲ. ಕುದುರೆ ಹಗ್ಗ ಬಿಚ್ಚಿಕೊಂಡು ತೊಗರಿ ಅಥವಾ ಜೋಳದ ರಾಶಿಗೆ ಬಾಯಿ ಹಾಕಿದರೆ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆನೋವಿನಲ್ಲಿ ಒದ್ದಾಡುವವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕರೆಯಿರಿ. ಕೋಳಿ ಆಹಾರ, ದನದ ಹಿಂಡಿ ಚೀಲದ ಫೀಡ್ ಕೊಡಲೇಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಮದ್ದು ಬೆರೆಸಿರುತ್ತಾರೆ. ಕೋಳಿಗೆ, ದನಕ್ಕೆ ತೊಂದರೆಯಿಲ್ಲ, ಕುದುರೆಯ ಹೃದಯವನ್ನು ಅದು ಸ್ವಲ್ಪದರಲ್ಲೇ ಹಾಳು ಮಾಡುತ್ತದೆ.

ಕೊಟ್ಟಿಗೆ ನೋಡೋಣ. ಶಹಾಬಾದ್ ಫರಸಿ ಮನೆಗೆ ಚೆನ್ನ, ಎತ್ತಿಗೂ ಹೇಗೋ ನಡೆಯುತ್ತದೆ. ನಾಲ್ ಹೊಡೆದ ಗೊರಸಿಗೆ ಅದು ಜಾರುತ್ತದೆ, ಮೂತ್ರ ಬಿದ್ದ ಮೇಲಂತೂ ಕೇಳಲೇಬೇಡಿ. ಜಾರುವ ನೆಲದಲ್ಲಿ ಕುದುರೆ ಮಲಗುವುದಿಲ್ಲ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅನ್ನುವುದು ಪೂರ್ತಿ ನಿಜ ಅಲ್ಲ. ತೂಕಡಿಕೆ ನಿಂತೇ ಆಗುತ್ತದೆ, ಗಾಢ ನಿದ್ದೆಗೆ ಅದು ಮಲಗಲೇಬೇಕು. ಬೆಳಿಗ್ಗೆ ನೋಡಿ, ಮೈಮೇಲೆ ಮಣ್ಣಾಗಲಿ ಕಸವಾಗಲಿ ಅಂಟಿದೆಯಾ? ಇಲ್ಲದಿದ್ದರೆ ಅದು ಬಂದಾಗಿನಿಂದ ಸರಿಯಾಗಿ ಮಲಗಿಲ್ಲ ಎಂದೇ ಲೆಕ್ಕ. ಮುಂದೆ ಹಿಂದೆ ಹಗ್ಗ ಬಿಗಿದರೆ ಮಲಗಲು ಜಾಗವಾದರೂ ಎಲ್ಲಿದೆ? ಫರಸಿ ಮೇಲೆ ಒಣ ಹುಲ್ಲು ಅಥವಾ ಹೊಟ್ಟನ್ನು ದಪ್ಪಗೆ ಹಾಸಿ. ಇನ್ನೂ ಒಳ್ಳೆಯದೆಂದರೆ, ಹೊಲದಲ್ಲೋ ಹಿತ್ತಲಲ್ಲೋ ಬೊಂಬು ಕಟ್ಟಿ 25 ಅಡಿ ಉದ್ದಗಲದ ಆವರಣ ಮಾಡಿ, ನೆರಳಿಗೆ ಒಂದು ಚಪ್ಪರ ಹಾಕಿ, ಅಲ್ಲಿ ಬಿಚ್ಚಿ ಬಿಡಿ. ಪಕ್ಕದಲ್ಲಿ ಒಂದು ಮೇಕೆಯೋ ಕತ್ತೆಯೋ ಇದ್ದರೂ ಒಂಟಿತನ ಎಷ್ಟೋ ಕಡಿಮೆಯಾಗುತ್ತದೆ.

ಹಿಂದಿನಿಂದ ಹೋದಾಗ ಒದೆಯುವುದು ಇದರದ್ದೇ ಭಾಗ. ಕುದುರೆಯ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಬಿಟ್ಟು. ನಿಮ್ಮ ಕೊಟ್ಟಿಗೆಯಲ್ಲಿ ಬಾಗಿಲು ಅದರ ಬಾಲದ ಕಡೆ ಇರಬೇಕು ಎಂದು ನನ್ನ ಊಹೆ. ಮೇವು ತಂದವರೆಲ್ಲ ಕಾಣದ ಜಾಗದಿಂದಲೇ ಬರುತ್ತಾರೆ. ಕಟ್ಟುವ ದಿಕ್ಕು ಬದಲಿಸಿ. ದೂರದಿಂದಲೇ ಮಾತಾಡುತ್ತಾ, ಓರೆಯಾಗಿ ಭುಜದ ಕಡೆ ಬನ್ನಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲಿಗೆ ಬರುತ್ತೇನೆ. ‘ಮೊದಲು ಮದುವೆ ಮೆರವಣಿಗೆಯವರ ಹತ್ತಿರ ಇತ್ತಂತೆ.’ ಕಲಬುರಗಿ, ಬೀದರ್ ಕಡೆಯ ಮೆರವಣಿಗೆ ಕುದುರೆ ಕುಣಿಯುವುದನ್ನು ನೀವು ನೋಡಿದ್ದೀರಿ. ಹಲಗಿ ಬಡಿದಾಗ ಮುಂಗಾಲು ಎತ್ತೆತ್ತಿ ಹಾಕುತ್ತದೆ, ಜನ ಸೀಟಿ ಹೊಡೆದರೆ ಎದ್ದು ನಿಲ್ಲುತ್ತದೆ. ಅದನ್ನು ಕಲಿಸುವುದು ಹೇಗೆ? ಬಾಯಲ್ಲಿ ಲಗಾಮು ಬಿಗಿ ಹಿಡಿದು ಮುಂದೆ ಹೋಗದಂತೆ ತಡೆಯುತ್ತಾರೆ, ಅದೇ ಹೊತ್ತಿಗೆ ಹಿಂದಿನಿಂದ ಮುಂದಕ್ಕೆ ನೂಕುತ್ತಾರೆ. ಮುಂದೆ ದಾರಿಯಿಲ್ಲ, ಹಿಂದೆ ಪೆಟ್ಟು. ಉಳಿದದ್ದು ಮೇಲಕ್ಕೆ ಏಳುವುದೊಂದೇ. ಎದ್ದ ಕೂಡಲೇ ಲಗಾಮು ಸಡಿಲ. ಹೀಗೆ ಎಷ್ಟೋ ಸಲ ಆದ ಮೇಲೆ ಬಿಗಿ ಲಗಾಮು ಅಂದರೆ ‘ಏಳು’ ಎಂದೇ ಅದಕ್ಕೆ ಅರ್ಥ.

ನೀವು ಹೆದರಿಕೆಯಲ್ಲಿ ಏನು ಮಾಡಿದಿರಿ? ಎರಡೂ ಲಗಾಮು ಎಳೆದು ಹಿಡಿದಿರಿ, ಬೀಳಬಾರದೆಂದು ಕಾಲಿಂದ ಹೊಟ್ಟೆ ಅವುಚಿದಿರಿ. ಅದು ತನಗೆ ಗೊತ್ತಿದ್ದ ಕೆಲಸವನ್ನು ತಪ್ಪಿಲ್ಲದೆ ಮಾಡಿತು. ನೀವು ಬಿದ್ದಿರಿ, ಲಗಾಮು ಸಡಿಲವಾಯಿತು. ಏಳುವುದೇ ಸರಿ ಎಂದು ಅದು ಮತ್ತೊಮ್ಮೆ ಕಲಿಯಿತು.

ಇಂಥ ಕುದುರೆಗಳ ಬಾಯಲ್ಲಿ ಮುಳ್ಳಿನ ಕಡಿವಾಣ ಹಾಕಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನಿಮಗೆ ಕುದುರೆಯ ಜೊತೆ ಬಂದ ಕಡಿವಾಣವನ್ನು ಕೈಯಲ್ಲಿ ಹಿಡಿದು ನೋಡಿ. ಬಾಯೊಳಗೆ ಹೋಗುವ ಸಲಾಕೆಯ ಮೇಲೆ ಬೆರಳು ಆಡಿಸಿ. ಮೊಳೆಯಂಥ ಮೊನೆಗಳು ಸಿಕ್ಕರೆ ಅದನ್ನು ಇವತ್ತೇ ಬಿಸಾಡಿ. ಭಾರ ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮಗಳ ಪ್ರಕಾರ ಮುಳ್ಳಿನ ಕಡಿವಾಣ ನಿಷಿದ್ಧ, ಸವಾರಿಗೂ ಸೇರಿ. ಆ ಮುಳ್ಳು ನಾಲಿಗೆ, ತುಟಿಯ ಮೂಲೆ, ಹಲ್ಲಿಲ್ಲದ ವಸಡಿನ ಭಾಗವನ್ನು ಹರಿಯುತ್ತದೆ. ಗಾಯ ಮಾಯ್ದರೂ ಹೆದರಿಕೆ ಮಾಯುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ವೈದ್ಯರಿಂದ ಪೂರ್ತಿ ಪರೀಕ್ಷೆ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಊರಿಗೇ ಬರುತ್ತದೆ. ಹಲ್ಲು ಉಜ್ಜಿ ಸಮ ಮಾಡುವಂಥ ಕೆಲಸ ಬಿದ್ದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ವಿಚಾರಿಸಿ. ಬಾಯಿ ನೋಡುವಾಗ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ದಿದೆಯಾ, ದವಡೆ ಹಲ್ಲಿನ ಮುಂದೆ ಕಡಿವಾಣಕ್ಕೆ ತಾಗುವ ಚಿಕ್ಕ ಹಲ್ಲು ಇದೆಯಾ ಎಂದು ಕೇಳಿ. ವಯಸ್ಸೂ ಅಲ್ಲೇ ಗೊತ್ತಾಗುತ್ತದೆ. ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲಿನ ಮೇಲೆ ವಸಡಿನಿಂದ ಇಳಿಯುವ ಕಂದು ಗೀರು ಕಂಡರೆ ಆರು ವರ್ಷದ ಮಾತು ಸುಳ್ಳು. ಆ ಗೀರು ಶುರುವಾಗುವುದೇ ಸುಮಾರು ಹತ್ತನೇ ವರ್ಷಕ್ಕೆ.

ಬೆನ್ನುಮೂಳೆಯ ಎರಡೂ ಬದಿ ಬೆರಳಿಂದ ಒತ್ತಿ ನೋಡಲು ಹೇಳಿ. ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಹೋದರೆ ನೋವಿದೆ. ಭುಜದ ಎತ್ತರದ ಜಾಗದಲ್ಲಿ ಬಿಳಿ ಕೂದಲ ಮಚ್ಚೆ ಇದ್ದರೆ ಅದು ಹಳೆಯ ಜೀನಿನ ಗಾಯದ ಗುರುತು. ಹಿಂಗಾಲು ಕೊಡದಿರುವುದಕ್ಕೂ ಸೊಂಟ, ಮೊಣಕಾಲಿನ ನೋವು ಇರಬಹುದು. ಹುಣ್ಣಿನ ಅನುಮಾನ ಬಂದರೆ ಅವರೇ ಮದ್ದು ಬರೆಯುತ್ತಾರೆ, ಮೆಡಿಕಲ್ ಅಂಗಡಿಯಿಂದ ಮನುಷ್ಯರ ಗ್ಯಾಸ್ ಮಾತ್ರೆ ತಂದು ನುಂಗಿಸಬೇಡಿ. ಗಬ್ಬ ಇದೆಯಾ ಎಂದೂ ನೋಡಿಸಿ, ಕುದುರೆಗೆ ಹನ್ನೊಂದು ತಿಂಗಳ ಗರ್ಭ. ಗಬ್ಬ ಇಲ್ಲದಿದ್ದರೆ, ಅದು ಜಾಸ್ತಿ ಕೆರಳುವ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬೆದೆ ಸುಮಾರು ಮೂರು ವಾರಕ್ಕೊಮ್ಮೆ ಬರುತ್ತದೆ, ಆ ದಿನಗಳಲ್ಲಿ ಮುಟ್ಟಿದರೆ ಸಿಡಿಯುವ ಕುದುರೆಗಳಿವೆ.

ಅದೇ ಭೇಟಿಯಲ್ಲಿ ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಜಾತ್ರೆಗೆ ಹಲವು ರಾಜ್ಯದ ಕುದುರೆಗಳು ಬರುತ್ತವೆ. ಈ ರೋಗಕ್ಕೆ ಲಸಿಕೆ ಇಲ್ಲ, ಮನುಷ್ಯರಿಗೂ ಹರಡುತ್ತದೆ. ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರೆಗೂ ಹೋಗಬೇಕಾಗಬಹುದು. ವರದಿ ಬರುವ ತನಕ ನೀರಿನ ತೊಟ್ಟಿ, ಬ್ರಶ್ ಬೇರೆ ಇಡಿ, ಮೂಗಿನ ಸಿಂಬಳ ಕೈಗೆ ತಾಗಿಸಿಕೊಳ್ಳಬೇಡಿ. ಧನುರ್ವಾಯು ಲಸಿಕೆ ಹಾಕಿಸಿ. ಬಿಟ್ಟು ಬಿಟ್ಟು ಜ್ವರ ಬಂದು ಸೊರಗುತ್ತಿದ್ದರೆ ಸರ್ರಾ ರೋಗಕ್ಕೂ ರಕ್ತ ನೋಡಿಸಿ.

ನೋವು, ಮೇವು, ಜಾಗ ಸರಿಯಾದ ಮೇಲೆ, ಕೆಳಗೆ ನಿಂತು ಮಾಡುವ ಒಂದೇ ಒಂದು ಪಾಠ ಹೇಳುತ್ತೇನೆ. ಕಡಿವಾಣ ಬೇಡ, ಮುಖಕ್ಕೆ ಹಾಲ್ಟರ್ (ಬಾಯೊಳಗೆ ಏನೂ ಹೋಗದ ಮುಖಪಟ್ಟಿ) ಮತ್ತು ಹತ್ತು ಅಡಿ ಹತ್ತಿ ಹಗ್ಗ ಸಾಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತವೆ. ಮಡಚಿ ಹಿಡಿಯಿರಿ. ಕುದುರೆಯ ಎಡ ಭುಜದ ಪಕ್ಕ, ಒಂದು ಕೈ ಅಂತರದಲ್ಲಿ ನಿಲ್ಲಿ. ಉಸಿರು ಪೂರ್ತಿ ಹೊರಗೆ ಬಿಡಿ. ಗಾಬರಿಯಾದಾಗ ನಾವು ಉಸಿರು ಕಟ್ಟಿ ನಿಲ್ಲುತ್ತೇವೆ, ಕುದುರೆ ಅದನ್ನು ಗಮನಿಸುತ್ತದೆ. ಈಗ ಹಗ್ಗವನ್ನು ಅದರ ಎದೆಯ ಕಡೆಗೆ ಮೆಲ್ಲಗೆ ಒತ್ತಿ. ಎಳೆಯಬೇಡಿ, ಜಗ್ಗಬೇಡಿ, ಒತ್ತಿ ಹಿಡಿದುಕೊಳ್ಳಿ ಅಷ್ಟೇ. ಅದು ತಲೆ ಎತ್ತುತ್ತದೆ, ಪಕ್ಕಕ್ಕೆ ತಿರುಗುತ್ತದೆ. ಅದೇ ಒತ್ತಡದಲ್ಲಿ ಕಾಯಿರಿ. ಒಂದು ಗಳಿಗೆಯಲ್ಲಿ ಅದರ ಭಾರ ಹಿಂದಕ್ಕೆ ಸರಿಯುತ್ತದೆ. ಕಾಲು ಎತ್ತಬೇಕಿಲ್ಲ, ಎದೆ ಒಂದು ಬೆರಳಷ್ಟು ಹಿಂದೆ ಹೋದರೂ ಸಾಕು. ಆ ಕ್ಷಣವೇ ಹಗ್ಗ ಪೂರ್ತಿ ಸಡಿಲ ಬಿಡಿ. ಸುಮ್ನೆ ನಿಲ್ಲಿ. ಅದು ತುಟಿ ನೆಕ್ಕಬಹುದು, ತಲೆ ತಗ್ಗಿಸಬಹುದು.

ಕಲಿಸುವುದು ಒತ್ತಡ ಅಲ್ಲ, ಸಡಿಲ ಬಿಡುವ ಆ ಕ್ಷಣ. ತಡವಾಗಿ ಬಿಟ್ಟರೆ ಬೇರೇನೋ ಕಲಿಯುತ್ತದೆ. ಹತ್ತು ನಿಮಿಷ ಸಾಕು, ಬೆಳಿಗ್ಗೆ ಬಿಸಿಲೇರುವ ಮೊದಲು. ಸರಿಯಾದ ಒಂದು ಹೆಜ್ಜೆ ಬಂದ ಮೇಲೆ ನಿಲ್ಲಿಸಿಬಿಡಿ. ಮುಂದಿನ ದಿನಗಳಲ್ಲಿ ಎರಡು ಹೆಜ್ಜೆ, ಆಮೇಲೆ ಮುಂದಕ್ಕೆ ನಡೆಯುವುದು, ನಿಲ್ಲುವುದು. ನಿಮ್ಮ ಕೈ ನಡುಗುವುದೂ ಇಲ್ಲೇ ಕಡಿಮೆಯಾಗುತ್ತದೆ. ಯಾವುದಾದರೂ ದಿನ ಭಯ ಜಾಸ್ತಿ ಅನ್ನಿಸಿದರೆ ಬೊಂಬಿನ ಆಚೆ ಕೂತು ಮೇವು ಹಾಕಿ ಎದ್ದು ಬನ್ನಿ. ಅದೂ ಕೆಲಸವೇ.

ಇಷ್ಟು ಮಾಡಿದ ಮೇಲೆ ಇಟ್ಟುಕೊಳ್ಳುವುದೋ ಮಾರುವುದೋ ನೋಡಬಹುದು. ಎರಡು ತಿಂಗಳಾದರೂ ಕೊಡಿ. ಅಷ್ಟರಲ್ಲಿ ಕೆಳಗೆ ನಿಂತು ಮಾಡುವ ಕೆಲಸದಲ್ಲಿ ಅದು ಒದೆಯದೆ, ಏಳದೆ ನಿಮ್ಮ ಜೊತೆ ನಡೆದರೆ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಮೊದಲ ಸವಾರಿ ನಿಮ್ಮದಾಗಬಾರದು. ಅನುಭವಿ ಸವಾರರಿಗೆ ಕೊಡಿ, ಮುಳ್ಳಿಲ್ಲದ ಕಡಿವಾಣ ಹಾಕಿ, ಎರಡೂ ಲಗಾಮು ಒಟ್ಟಿಗೆ ಎಳೆಯದೆ ಒಂದು ಬದಿಗೆ ತಿರುಗಿಸಿ ನಿಲ್ಲಿಸುವುದನ್ನು ಅವರು ಅದಕ್ಕೆ ಹೊಸದಾಗಿ ಕಲಿಸಬೇಕು. ಎದ್ದು ನಿಲ್ಲುವ ಚಟ ಪೂರ್ತಿ ಹೋಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಹಲಗಿ ಸದ್ದಿಗೆ ಎಂದಾದರೂ ಮತ್ತೆ ಏಳಬಹುದು.

ತರಬೇತಿಗೆ ಬೇರೆಯವರ ಹತ್ತಿರ ಬಿಡುವುದಾದರೆ ಮೊದಲು ಅವರ ಲಾಯಕ್ಕೆ ಹೋಗಿ ಒಂದು ದಿನ ಕೂತು ನೋಡಿ. ಅಲ್ಲಿನ ಕುದುರೆಗಳು ಜನ ಬಂದಾಗ ಹಿಂದೆ ಸರಿಯುತ್ತವೆಯಾ, ಮೂತಿ ಮುಂದೆ ತರುತ್ತವೆಯಾ? ಅದೇ ಸಾಕು. ‘ಹದಿನೈದು ದಿನದಲ್ಲಿ ಗ್ಯಾರಂಟಿ’ ಅನ್ನುವವರಿಗೆ ಬಿಟ್ಟರೆ ಸೋತ ಕುದುರೆ ವಾಪಸ್ ಬರುತ್ತದೆ, ಮೈ ತುಂಬಿಕೊಂಡ ಮೇಲೆ ಹಳೆಯ ಕಥೆ. ಮಂಪರು ಮದ್ದು ಕೊಟ್ಟು ಸವಾರಿ ಮಾಡುವುದಂತೂ ಬೇಡವೇ ಬೇಡ. ಕಾಲು ತಡವರಿಸಿ ನಿಮ್ಮ ಸಮೇತ ಬೀಳುತ್ತದೆ.

ಮಾರುವುದರಲ್ಲಿ ಅವಮಾನವಿಲ್ಲ. ಇದು ಬಹುಶಃ ಮಾರ್ವಾಡಿ ಅಡ್ಡತಳಿ, ಚುರುಕು ಜಾಸ್ತಿ. ಹೊಸಬರಿಗೆ, ಅದರಲ್ಲೂ ಒಮ್ಮೆ ಬಿದ್ದವರಿಗೆ, ವಯಸ್ಸಾದ ಗಿಡ್ಡ ದಖನಿ ತಟ್ಟು ಎಷ್ಟೋ ಹೊಂದುತ್ತದೆ. ನಮ್ಮ ಭೀಮಾ ನದಿಯ ದಂಡೆಯ ಹೆಸರನ್ನೇ ಹೊತ್ತ ಭೀಮಥಡಿ ತಳಿ ಅದೇ ಬಗೆಯದ್ದು. ಆದರೆ ಮಾರುವಾಗ ಏಳುವ ವಿಷಯ ಮುಚ್ಚಿಡಬೇಡಿ, ಗ್ಲ್ಯಾಂಡರ್ಸ್ ವರದಿ ಕೈಗೆ ಕೊಡಿ. ಜಾತ್ರೆಗೆ ಮತ್ತೆ ಒಯ್ದರೆ ಅದು ಮುಳ್ಳಿನ ಕಡಿವಾಣಕ್ಕೇ ವಾಪಸ್ ಹೋಗುವ ಸಂಭವ ಹೆಚ್ಚು. ಸ್ವಲ್ಪ ಕಡಿಮೆ ಬೆಲೆಗಾದರೂ ಸರಿ, ಕುದುರೆ ಗೊತ್ತಿರುವ, ಇನ್ನೊಂದು ಕುದುರೆ ಇರುವ ಮನೆಗೆ ಕೊಡಿ ಎಂಬುದು ನನ್ನ ಕೋರಿಕೆ.

ಮಗನ ಆಸೆಯನ್ನು ಪೂರ್ತಿ ತಡೆಯಬೇಡಿ. ಕುದುರೆ ಒದೆಯುವುದು ನಿಂತ ಮೇಲೆ, ನೀವು ಹಗ್ಗ ಹಿಡಿದಿರುವಾಗ, ಅವನು ಭುಜದ ಪಕ್ಕ ನಿಂತು ಬ್ರಶ್ ಮಾಡಲಿ, ಸೊಂಟದ ಹಿಂದೆ ಹೋಗಬಾರದು. ಸವಾರಿ ಕಲಿಯುವುದಾದರೆ ಬೇರೆ ಮುದಿ ಕುದುರೆಯ ಮೇಲೆ, ಸವಾರಿ ಹೆಲ್ಮೆಟ್ ಹಾಕಿಕೊಂಡು ಕಲಿಯಲಿ.